ಕುರ್ಚಿಯಲ್ಲಿ ಕೂತರೆ ಕ್ಷಯ ವಾಸಿಯಾಗುತ್ತದೆಯೇ? ಫಿನ್‌ಲೆಂಡ್‌ನ ಹೆಸರಾಂತ ಕುರ್ಚಿಗಳ ನಿಜ ಕಥೆ

ಬಾಗಿಸಿದ ಮರದ ಎರಡು ದೊಡ್ಡ ಚೌಕಟ್ಟು. ಅವುಗಳ ನಡುವೆ ಕಾಗದದ ಸುರುಳಿಯಂತೆ ಮಡಿಸಿಕೊಂಡ ಒಂದೇ ತೆಳು ಹಲಗೆ. ದಿಂಬಿಲ್ಲ, ಸ್ಪ್ರಿಂಗ್ ಇಲ್ಲ, ನಾವು ಬಲ್ಲಂಥ ನಾಲ್ಕು ಕಾಲೂ ಇಲ್ಲ. ಫಿನ್‌ಲೆಂಡ್‌ನ ಈ ‘ಪೈಮಿಯೊ ಕುರ್ಚಿ’ಯ ಚಿತ್ರ ಎಲ್ಲಿ ಕಂಡರೂ ಅದರ ಜೊತೆ ಒಂದು ಸಾಲು ಅಂಟಿಕೊಂಡೇ ಬರುತ್ತದೆ: ‘ಕ್ಷಯರೋಗಿಗಳು ಸುಲಭವಾಗಿ ಉಸಿರಾಡಲೆಂದು ಮಾಡಿದ ಕುರ್ಚಿ ಇದು’. ಈ ಸಾಲು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುತ್ತ ‘ಕ್ಷಯ ವಾಸಿ ಮಾಡಿದ ಕುರ್ಚಿ’ ಆಗಲು ಹೆಚ್ಚು ಹೊತ್ತು ಬೇಕಿಲ್ಲ. ಅಲ್ಲಿಂದ ‘ಹೀಗೆ ಕೂತರೆ ಶ್ವಾಸಕೋಶ ಶುದ್ಧವಾಗುತ್ತದೆ’ ಎಂಬ ಸಲಹೆಗೆ ಇನ್ನೊಂದೇ ಹೆಜ್ಜೆ.

ಹಾಗಾಗಿ ಈ ಕುರ್ಚಿ, ಮತ್ತು ಅದರ ನಂತರ ಫಿನ್‌ಲೆಂಡ್‌ನಿಂದ ಬಂದು ಜಗತ್ತಿನ ಮನೆ, ಕಚೇರಿ, ಮ್ಯೂಸಿಯಂಗಳನ್ನು ಹೊಕ್ಕ ಇನ್ನಷ್ಟು ಕುರ್ಚಿಗಳ ಬಗ್ಗೆ ಹೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ. ಯಾವುದು ನಿಜ, ಯಾವುದು ಅರೆನಿಜ, ಯಾವುದು ಬರೀ ಕಟ್ಟುಕಥೆ?

ಮೊದಲು ಚುಟುಕು ಉತ್ತರ

ಪೈಮಿಯೊ ಕುರ್ಚಿ ಕ್ಷಯರೋಗಿಗಳಿಗಾಗಿ ಮಾಡಿದ್ದು: ನಿಜ.
ಅದರ ಒರಗು ಉಸಿರಾಟಕ್ಕೆ ಹಾಯೆನಿಸಲಿ ಎಂಬ ಯೋಚನೆ ಅದರ ಹಿಂದಿತ್ತು: ನಿಜ.
ಅದು ಕ್ಷಯವನ್ನು ವಾಸಿ ಮಾಡುತ್ತಿತ್ತು: ಸುಳ್ಳು. ಕ್ಷಯ ವಾಸಿಯಾಗುವುದು ಔಷಧಿಯಿಂದ ಮಾತ್ರ.
ಈ ಕುರ್ಚಿಗಳು ದೊಡ್ಡವೆನಿಸಿಕೊಂಡಿದ್ದು ಪವಾಡದಿಂದಲ್ಲ. ‘ಇದರಲ್ಲಿ ಕೂರುವವರು ಯಾರು, ಅವರ ಕಷ್ಟ ಏನು, ನಮ್ಮ ಕೈಯಲ್ಲಿರುವ ಸಾಮಾನು ಯಾವುದು’ ಎಂದು ಕೇಳಿಕೊಂಡು ಮಾಡಿದ್ದರಿಂದ.

ಪೈಮಿಯೊದಲ್ಲಿ ನಡೆದದ್ದೇನು?

ಪೈಮಿಯೊ ಎಂಬುದು ಕುರ್ಚಿಯ ಹೆಸರಲ್ಲ, ಊರಿನ ಹೆಸರು. ಫಿನ್‌ಲೆಂಡ್‌ನ ನೈಋತ್ಯ ಭಾಗದಲ್ಲಿ, ತುರ್ಕು ನಗರದ ಹತ್ತಿರ ಇದೆ. ಅಲ್ಲಿ ಕ್ಷಯರೋಗಿಗಳಿಗಾಗಿ ಒಂದು ಸ್ಯಾನಟೋರಿಯಂ, ಅಂದರೆ ರೋಗಿಗಳು ತಿಂಗಳುಗಟ್ಟಲೆ ಇದ್ದು ವಿಶ್ರಾಂತಿ ಪಡೆಯುವ ಆಸ್ಪತ್ರೆ ಕಟ್ಟಲು ಸ್ಪರ್ಧೆ ಏರ್ಪಟ್ಟಿತು. 1929ರಲ್ಲಿ ಅದನ್ನು ಗೆದ್ದವರು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ. ಪೈನ್ ಕಾಡಿನ ನಡುವೆ ಕಟ್ಟಿದ ಈ ಆಸ್ಪತ್ರೆ 1933ರಲ್ಲಿ ತೆರೆಯಿತು. ಒಳಗಿನ ಪೀಠೋಪಕರಣಗಳ ಕೆಲಸದಲ್ಲಿ ಅವರ ಪತ್ನಿ, ಸ್ವತಃ ವಾಸ್ತುಶಿಲ್ಪಿಯಾಗಿದ್ದ ಐನೊ ಆಲ್ಟೊ ಅವರೂ ಜೊತೆಗಿದ್ದರು.

ಆ ಕಾಲಕ್ಕೆ ಕ್ಷಯಕ್ಕೆ ಔಷಧಿ ಇರಲಿಲ್ಲ. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರಲ್ಲೇ ತೋರಿಸಿಕೊಟ್ಟಿದ್ದರೂ ಅದನ್ನು ಕೊಲ್ಲುವ ಗುಳಿಗೆ ಯಾರ ಬಳಿಯೂ ಇರಲಿಲ್ಲ. ವೈದ್ಯರು ಕೊಡಬಹುದಾಗಿದ್ದು ಶುದ್ಧ ಗಾಳಿ, ಬಿಸಿಲು, ಒಳ್ಳೆಯ ಊಟ, ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನಲ್ಲಿ ಕಟ್ಟಿದ ಪಿಕೆಟಿಬಿ ಸ್ಯಾನಟೋರಿಯಂ ಕೂಡ ಇದೇ ಕಾಲದ, ಇದೇ ನಂಬಿಕೆಯ ಆಸ್ಪತ್ರೆ.

ರೋಗಿ ಇಡೀ ದಿನ ಮಲಗಿಯೇ ಇರುತ್ತಾನೆ. ಹಾಗಾದರೆ ಕೋಣೆಯನ್ನು ನಿಂತವರ ಕಣ್ಣಿನಿಂದ ನೋಡದೆ ಮಲಗಿದವರ ಕಣ್ಣಿನಿಂದ ಯೋಚಿಸಬೇಕು ಎಂಬುದು ಆಲ್ಟೊ ಅವರ ದಾರಿ. ಮಲಗಿದವನಿಗೆ ದಿನವಿಡೀ ಕಾಣುವುದು ಚಾವಣಿ. ಆದ್ದರಿಂದ ಚಾವಣಿಗೆ ಕಣ್ಣು ಕುಕ್ಕದ ಗಾಢ ಬಣ್ಣ ಬಳಿಸಿದರು. ದೀಪವನ್ನು ರೋಗಿಯ ಕಣ್ಣಿಗೆ ನೇರವಾಗಿ ಹೊಡೆಯದ ಕಡೆ ಇರಿಸಿದರು. ಒಬ್ಬ ರೋಗಿ ಕೈ ತೊಳೆದಾಗ ಪಕ್ಕದವನ ನಿದ್ದೆ ಕೆಡಬಾರದೆಂದು, ನೀರು ಸದ್ದಿಲ್ಲದೆ ಜಾರಿಹೋಗುವ ಓರೆಯಲ್ಲಿ ಬೇಸಿನ್ನುಗಳನ್ನು ಮಾಡಿಸಿದರು. ಕುರ್ಚಿ ಹುಟ್ಟಿದ್ದೂ ಇಂಥ ಯೋಚನೆಯಿಂದಲೇ.

ಆಗ ಯುರೋಪಿನ ಹೊಸ ಫ್ಯಾಷನ್ ಎಂದರೆ ಉಕ್ಕಿನ ಕೊಳವೆ ಬಾಗಿಸಿ ಮಾಡಿದ ಕುರ್ಚಿಗಳು. ಆಲ್ಟೊ ಅವರ ಮನೆಯಲ್ಲೂ ಅಂಥವು ಇದ್ದವು. ಆದರೆ ಉಕ್ಕು ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮುಟ್ಟಿದರೆ ತಣ್ಣಗೆನಿಸುತ್ತದೆ. ಬೆಳಕು ಬಿದ್ದರೆ ಮಿರುಗಿ ಕಣ್ಣು ಚುಚ್ಚುತ್ತದೆ. ತಾಗಿದರೆ ಟಣ್ ಎನ್ನುತ್ತದೆ. ಕಾಯಿಲೆಯವರಿಗೆ ಇದು ಸಲ್ಲದು ಎಂದು ಅವರು ಮರಕ್ಕೆ ತಿರುಗಿದರು. ತುರ್ಕುವಿನ ಪೀಠೋಪಕರಣ ತಯಾರಕ ಒಟ್ಟೊ ಕೊರ್ಹೊನೆನ್ ಅವರ ಕಾರ್ಖಾನೆಯಲ್ಲಿ ವರ್ಷಗಳ ಕಾಲ ಪ್ರಯೋಗ ನಡೆಯಿತು. 1932ರ ಹೊತ್ತಿಗೆ ಬರ್ಚ್ ಮರದ ಪೈಮಿಯೊ ಕುರ್ಚಿ ಸಿದ್ಧವಾಯಿತು.

ಅದರ ಒಂದೊಂದು ಗುಣಕ್ಕೂ ಕಾರಣವಿದೆ. ಬಟ್ಟೆ, ದಿಂಬು ಇಲ್ಲದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಶುಚಿ ಮಾಡಬಹುದು, ದೂಳು ಕೂರಲು ಸಂದಿಯಿಲ್ಲ. ಹಲಗೆಯ ಮೇಲಿನ ಮತ್ತು ಕೆಳಗಿನ ತುದಿ ಸುರುಳಿಯಾಗಿರುವುದರಿಂದ ಸ್ಪ್ರಿಂಗ್ ಇಲ್ಲದೆಯೂ ಸ್ವಲ್ಪ ಬಳುಕುತ್ತದೆ. ತಲೆ ತಾಗುವ ಕಡೆ ಗಾಳಿಯಾಡುವಂತೆ ಕೆಲವು ಅಡ್ಡ ಸೀಳುಗಳಿವೆ. ಬೆನ್ನು ಹಿಂದಕ್ಕೆ ವಾಲಿಕೊಂಡಿದೆ. ಉಸಿರಾಟದ ಮಾತು ಬರುವುದು ಈ ವಾಲಿನಿಂದ.

ಹಾಗೆ ಒರಗಿ ಕೂತರೆ ಉಸಿರಾಟ ಸುಲಭವಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ನಾವು ಉಸಿರು ಎಳೆದುಕೊಳ್ಳುವಾಗ ಎದೆ ಮತ್ತು ಹೊಟ್ಟೆಯ ನಡುವಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಇಳಿಯುತ್ತದೆ. ಗೂನು ಬೆನ್ನು ಹಾಕಿಕೊಂಡು ಕುಗ್ಗಿ ಕೂತರೆ ಹೊಟ್ಟೆ ಮಡಿಸಿಕೊಂಡು ವಪೆ ಇಳಿಯಲು ಜಾಗ ಕಡಿಮೆಯಾಗುತ್ತದೆ, ಪಕ್ಕೆಲುಬೂ ಪೂರ್ತಿ ಅರಳುವುದಿಲ್ಲ. ಅಂಗಾತ ಮಲಗಿದರೆ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ಎದೆ ತೆರೆದುಕೊಂಡು, ಬೆನ್ನಿಗೆ ಆಸರೆ ಸಿಕ್ಕು ಅರೆ ಒರಗಿದ ಭಂಗಿಯಲ್ಲಿ ಈ ಎರಡೂ ತೊಂದರೆ ತಗ್ಗುತ್ತವೆ. ಏದುಸಿರು ಬರುವವರನ್ನು ಆಸ್ಪತ್ರೆಯಲ್ಲಿ ಮಂಚದ ತಲೆಭಾಗ ಎತ್ತಿ ಕೂರಿಸುವುದು ಇದಕ್ಕೇ.

ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಉಸಿರಾಟ ಸುಲಭವೆನಿಸುವುದು ಒಂದು, ಶ್ವಾಸಕೋಶದ ರೋಗ ಹೋಗುವುದು ಇನ್ನೊಂದು. ಕಾಲು ಮುರಿದವರಿಗೆ ಊರುಗೋಲು ಕೊಟ್ಟರೆ ನಡೆಯಲು ಸುಲಭವಾಗುತ್ತದೆ; ಮೂಳೆ ಕೂಡಿಸುವುದು ಊರುಗೋಲಲ್ಲ. ಒರಗಿದ ಭಂಗಿ ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಕಫವನ್ನು ‘ಶುದ್ಧ’ ಮಾಡುವುದಿಲ್ಲ, ಸೋಂಕು ಹರಡುವುದನ್ನು ತಡೆಯುವುದಿಲ್ಲ. ಇನ್ನೊಂದು ಮಾತು: ಆಸ್ಪತ್ರೆಯಲ್ಲಿ ಈ ಕುರ್ಚಿ ಇದ್ದದ್ದು ರೋಗಿಗಳು ಸೇರುವ ಸಾಮಾನ್ಯ ಕೊಠಡಿಗಳಲ್ಲಿ. ಗಾಳಿ ಬಿಸಿಲಿನ ‘ಚಿಕಿತ್ಸೆ’ಗೆ ರೋಗಿಗಳು ಮಲಗುತ್ತಿದ್ದದ್ದು ತೆರೆದ ಬಾಲ್ಕನಿಗಳಲ್ಲಿ. ಕುರ್ಚಿಯನ್ನೇ ಚಿಕಿತ್ಸೆ ಎನ್ನುವುದು ಆ ಆಸ್ಪತ್ರೆಯ ರೀತಿಗೂ ಹೊಂದದ ಮಾತು.

ಹಾಗಾದರೆ ಕ್ಷಯವನ್ನು ಗೆದ್ದದ್ದು ಯಾವುದು?

ಔಷಧಿ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. 1952ರಲ್ಲಿ ಐಸೊನಯಾಜಿಡ್ ಬಳಕೆಗೆ ಬಂತು. ಒಂದೇ ಔಷಧಿ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ, ಎರಡು ಮೂರನ್ನು ಸೇರಿಸಿ ಕೊಡಬೇಕು ಎಂಬುದೂ ಗೊತ್ತಾಯಿತು.

ಹಾಗಿದ್ದರೂ ಗಾಳಿ, ವಿಶ್ರಾಂತಿ, ಸ್ಯಾನಟೋರಿಯಂ ಇಲ್ಲದೆ ಔಷಧಿಯೊಂದರಿಂದಲೇ ಆದೀತೇ ಎಂಬ ಅನುಮಾನ ವೈದ್ಯರಲ್ಲಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ನಮ್ಮ ನೆರೆಯ ಮದ್ರಾಸ್. 1956ರಿಂದ ಅಲ್ಲಿ ನಡೆದ ಅಧ್ಯಯನದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಂದಿಗೆ ಔಷಧಿ ತೆಗೆದುಕೊಂಡಿತು. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಬಡ ಮನೆಗಳಲ್ಲೇ ಇದ್ದು ಅದೇ ಔಷಧಿ ತೆಗೆದುಕೊಂಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು: ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದವು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿ, ಊರೂರಿನ ಆರೋಗ್ಯ ಕೇಂದ್ರಗಳ ಮೂಲಕ ಚಿಕಿತ್ಸೆ ಕೊಡುವ ಕ್ರಮ ರೂಪಿಸುವುದರಲ್ಲಿ ಕೈಜೋಡಿಸಿತು.

ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಖಾಲಿಯಾದವು. ಪೈಮಿಯೊ ಕೂಡ ಮುಂದೆ ಸಾಮಾನ್ಯ ಆಸ್ಪತ್ರೆಯಾಯಿತು. ಕುರ್ಚಿ ಉಳಿಯಿತು, ಆದರೆ ಕ್ಷಯದ ಚಿಕಿತ್ಸೆಯಾಗಿ ಅಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕ್ಷಯ ಇವತ್ತಿಗೂ ನಮ್ಮ ನಡುವೆ ಇದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ಭಂಗಿ, ಪ್ರಾಣಾಯಾಮ, ಕಷಾಯ ಎನ್ನುತ್ತ ದಿನ ದೂಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಹಾಯೆನಿಸಿತೆಂದು ಗುಳಿಗೆ ಬಿಟ್ಟರೆ ರೋಗ ಔಷಧಿಗೆ ಬಗ್ಗದ ರೂಪದಲ್ಲಿ ಮರಳಬಹುದು.

‘ಮರವನ್ನು ಕರಗಿಸಿ ಅಚ್ಚಿಗೆ ಸುರಿದರು’ ನಿಜವೇ?

ಅಲ್ಲ. ಮರ ಕಬ್ಬಿಣದಂತೆ ಕರಗುವುದಿಲ್ಲ, ಕಾಯಿಸಿದರೆ ಸುಟ್ಟುಹೋಗುತ್ತದೆ. ಫಿನ್‌ಲೆಂಡ್‌ನವರು ಮಾಡಿದ್ದನ್ನು ಒಂದು ನೋಟ್‌ಬುಕ್ ಕೈಯಲ್ಲಿ ಹಿಡಿದು ಅರ್ಥಮಾಡಿಕೊಳ್ಳಬಹುದು.

200 ಪುಟದ ನೋಟ್‌ಬುಕ್ ಬಾಗಿಸಿ ನೋಡಿ, ಸಲೀಸಾಗಿ ಬಾಗುತ್ತದೆ. ಅಂಚಿನಲ್ಲಿ ಹಾಳೆಗಳು ಒಂದರ ಮೇಲೊಂದು ಜಾರುವುದೂ ಕಾಣುತ್ತದೆ. ಅಷ್ಟೇ ದಪ್ಪದ ರಟ್ಟನ್ನು ಹಾಗೆ ಬಾಗಿಸಲಾಗದು. ಹಲಗೆಯ ದಪ್ಪ ಅರ್ಧವಾದರೆ ಅದನ್ನು ಬಾಗಿಸಲು ಬೇಕಾದ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ ಹತ್ತನೇ ಒಂದಾದರೆ ಬಲ ಸಾವಿರದಲ್ಲಿ ಒಂದು ಪಾಲು ಸಾಕು. ಅಂಥ ಹತ್ತು ತೆಳು ಹಾಳೆಗಳನ್ನು ಒಟ್ಟಿಗೆ ಬಾಗಿಸಿದರೂ ಮೊದಲಿನ ನೂರನೇ ಒಂದು ಪಾಲು ಬಲ ಸಾಕು.

ಹಾಗಾಗಿ ಬರ್ಚ್ ಮರವನ್ನು ತೆಳು ಹಾಳೆಗಳಾಗಿ ಸೀಳಿ, ನಡುವೆ ಅಂಟು ಬಳಿದು, ಬೇಕಾದ ಆಕಾರದ ಅಚ್ಚಿನಲ್ಲಿ ಒತ್ತಿ ಹಿಡಿಯುತ್ತಾರೆ. ಅಂಟು ಒಣಗುವ ತನಕ ಹಾಳೆಗಳು ಜಾರಿ ಬಾಗುತ್ತವೆ. ಒಣಗಿದ ಮೇಲೆ ಜಾರಲಾರವು. ಈಗ ಅದು ಹತ್ತು ಹಾಳೆಯಲ್ಲ, ಬಾಗಿದ ಒಂದೇ ಗಟ್ಟಿ ಹಲಗೆ. ಕೂರುವ ಹಲಗೆಗೆ ಹಾಳೆಗಳ ನಾರನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಜೋಡಿಸುತ್ತಾರೆ. ಇದೇ ನಮಗೆ ಗೊತ್ತಿರುವ ಪ್ಲೈವುಡ್. ಯಾವ ಕಡೆಯಿಂದ ಒತ್ತಿದರೂ ಸೀಳುವುದಿಲ್ಲ. ಚೌಕಟ್ಟಿಗೆ ಮಾತ್ರ ಎಲ್ಲ ಹಾಳೆಗಳ ನಾರೂ ಒಂದೇ ದಿಕ್ಕಿಗೆ, ಬಾಗಿನ ಉದ್ದಕ್ಕೂ ಇರುತ್ತದೆ.

ಬಾಗಿದ ಮರದ ಕುರ್ಚಿ ಇವರಿಗಿಂತ ಮೊದಲೇ ಇತ್ತು ಎಂಬುದನ್ನೂ ಹೇಳಬೇಕು. ಮಿಖಾಯೆಲ್ ಟೋನೆಟ್ ಅವರ ಕಂಪನಿ 1859ರಲ್ಲೇ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಾಗಿಸಿ ಮಾಡಿದ ಕುರ್ಚಿಯನ್ನು ಮಾರುಕಟ್ಟೆಗೆ ತಂದಿತ್ತು. ನಮ್ಮ ಬೆತ್ತದ ಕೆಲಸದವರು ಬಿಸಿ ತಾಗಿಸಿ ಬೆತ್ತ ಬಾಗಿಸುವುದೂ ಅದೇ ಜಾತಿಯ ವಿದ್ಯೆ. ಫಿನ್‌ಲೆಂಡ್‌ನ ಸೇರ್ಪಡೆ ಎಂದರೆ, ತಮ್ಮ ಕಾಡಿನಲ್ಲಿ ಧಾರಾಳವಾಗಿ ಸಿಗುವ ಬರ್ಚ್‌ನಿಂದ ಉಕ್ಕಿನಂತೆ ಬಳುಕುವ, ಭಾರ ಹೊರುವ ಬಾಗುಗಳನ್ನು ಕಾರ್ಖಾನೆಯಲ್ಲಿ ಮಾಡಿದ್ದು.

ಮೂರು ಕಾಲಿನ ಸ್ಟೂಲ್ ಅಲುಗುವುದಿಲ್ಲ ಏಕೆ?

1933ರಲ್ಲಿ ಆಲ್ಟೊ ರೂಪಿಸಿದ ‘ಸ್ಟೂಲ್ 60’ ನೋಡಲು ತೀರ ಸರಳ: ದುಂಡನೆಯ ಹಲಗೆ, ಮೂರು ಕಾಲು. ನಮ್ಮ ಮುಕ್ಕಾಲಿ ಪೀಠವೇ. ಗುಟ್ಟು ಇರುವುದು ಕಾಲಿನಲ್ಲಿ. ಸಾಮಾನ್ಯ ಸ್ಟೂಲಿನಲ್ಲಿ ಕಾಲು ಮತ್ತು ಹಲಗೆ ಕೂಡುವ ಸಂದಿಯೇ ಮೊದಲು ಸಡಿಲವಾಗುವುದು. ಇಲ್ಲಿ ಗಟ್ಟಿ ಬರ್ಚ್ ಕೋಲಿನ ಒಂದು ತುದಿಯಲ್ಲಿ ಮಾತ್ರ ನಾರಿನ ಉದ್ದಕ್ಕೆ ಗರಗಸದಿಂದ ಹಲವು ಸೀಳು ಹಾಕಿ, ಪ್ರತಿ ಸೀಳಿಗೂ ಅಂಟು ಬಳಿದ ತೆಳು ಹಾಳೆ ತೂರಿಸಿ, ಆ ತುದಿಯನ್ನು ಸಮಕೋನಕ್ಕೆ ಬಾಗಿಸುತ್ತಾರೆ. ಕಾಲೇ ಬಾಗಿ ಹಲಗೆಯ ಅಡಿಗೆ ಹೋಗಿ ಸ್ಕ್ರೂ ಹಾಕಿಸಿಕೊಳ್ಳುತ್ತದೆ.

ಇನ್ನು ಮೂರು ಕಾಲಿನ ವಿಚಾರ. ಯಾವುದೇ ಮೂರು ಬಿಂದುಗಳು ಒಂದೇ ಸಮತಲದಲ್ಲಿ ಬರಲೇಬೇಕು. ಆದ್ದರಿಂದ ನೆಲ ಎಷ್ಟೇ ಏರುಪೇರಾಗಿದ್ದರೂ ಮೂರೂ ಕಾಲು ಊರಿಕೊಳ್ಳುತ್ತವೆ. ನಾಲ್ಕು ಕಾಲಿಗೆ ಈ ಭಾಗ್ಯವಿಲ್ಲ. ಒಂದು ಕಾಲು ಗಿಡ್ಡವಾದರೆ ಕುರ್ಚಿ ಗಡಗಡ ಎನ್ನುತ್ತದೆ. ಆದರೆ ‘ಅಲುಗುವುದಿಲ್ಲ’ ಎಂದರೆ ‘ಮಗುಚುವುದಿಲ್ಲ’ ಎಂದಲ್ಲ. ಎರಡು ಕಾಲುಗಳ ನಡುವಿನ ಖಾಲಿ ಕಡೆಗೆ ಭಾರ ಹಾಕಿದರೆ ಮುಕ್ಕಾಲಿ ಬೇಗ ಮಗುಚುತ್ತದೆ. ಅದರ ಮೇಲೆ ಹತ್ತಿ ಅಟ್ಟದಿಂದ ಸಾಮಾನು ಇಳಿಸುವ ಸಾಹಸ ಬೇಡ.

ಈ ಸ್ಟೂಲ್‌ಗಳು ಒಂದರ ಮೇಲೊಂದು ಸುರುಳಿಯಾಗಿ ಪೇರಿಸಿದರೆ ಕಡಿಮೆ ಜಾಗದಲ್ಲಿ ಕೂರುತ್ತವೆ. ಆಲ್ಟೊ 1935ರಲ್ಲಿ ಮುಗಿಸಿದ ವೀಪುರಿ ನಗರದ ಗ್ರಂಥಾಲಯದಲ್ಲಿ ಇವನ್ನು ಬಳಸಿದ್ದರು. ಅದೇ ವರ್ಷ ಆಲ್ವಾರ್, ಐನೊ, ಮಾಯ್ರೆ ಗುಲ್ಲಿಕ್‌ಸೆನ್ ಮತ್ತು ನಿಲ್ಸ್-ಗುಸ್ತಾವ್ ಹಾಲ್ ಎಂಬ ನಾಲ್ವರು ಸೇರಿ ಈ ಪೀಠೋಪಕರಣಗಳನ್ನು ಮಾರಲು ‘ಆರ್ಟೆಕ್’ ಕಂಪನಿ ಶುರುಮಾಡಿದರು. ಅದು ಇಂದಿಗೂ ಸ್ಟೂಲ್ 60 ಮಾಡುತ್ತಿದೆ.

‘ಸರಳ ಬದುಕಿನ ಆದರ್ಶದಿಂದ ಇಂಥ ಕುರ್ಚಿ ಮಾಡಿದರು’ ನಿಜವೇ?

ಅರ್ಧ ಮಾತ್ರ. ಇನ್ನರ್ಧ ಬಡತನ ಮತ್ತು ಯುದ್ಧ.

1939ರಿಂದ 1944ರ ನಡುವೆ ಫಿನ್‌ಲೆಂಡ್ ಎರಡು ಬಾರಿ ಸೋವಿಯತ್ ಒಕ್ಕೂಟದ ಜೊತೆ ಯುದ್ಧ ಮಾಡಿತು. ಕೊನೆಗೆ ಕರೇಲಿಯಾ ಪ್ರಾಂತ್ಯದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಗ್ರಂಥಾಲಯವಿದ್ದ ವೀಪುರಿಯೂ ಕೈತಪ್ಪಿತು. ಅದು ಈಗ ರಷ್ಯಾದಲ್ಲಿದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಅದರ ಮೇಲೆ ಯುದ್ಧದಂಡ: ಮೊದಲು 30 ಕೋಟಿ ಡಾಲರ್ ಎಂದು ಗೊತ್ತುಮಾಡಿದ್ದರು, ಅದನ್ನು ತೀರಿಸಬೇಕಾಗಿದ್ದು ಹಡಗು, ಯಂತ್ರ, ಮರದ ಸರಕಿನ ರೂಪದಲ್ಲಿ. ಕೊನೆಯ ಕಂತು ಹೋದದ್ದು 1952ರಲ್ಲಿ.

ಇಂಥ ದೇಶಕ್ಕೆ ಬೇಕಾಗಿದ್ದು ಕಡಿಮೆ ಮರದ, ಬೇಗ ಆಗುವ, ಸುಲಭವಾಗಿ ಸಾಗಿಸಬಹುದಾದ ಕುರ್ಚಿ. 1946ರಲ್ಲಿ ಹೆಲ್ಸಿಂಕಿಯ ‘ಡೊಮುಸ್ ಅಕಾಡೆಮಿಕಾ’ ವಿದ್ಯಾರ್ಥಿ ನಿಲಯಕ್ಕೆ ಇಲ್ಮಾರಿ ತಾಪಿಯೊವಾರಾ ತಮ್ಮ ಪತ್ನಿ ಅನ್ನಿಕ್ಕಿ ಅವರೊಂದಿಗೆ ರೂಪಿಸಿದ ‘ಡೊಮುಸ್’ ಕುರ್ಚಿ ಇದಕ್ಕೆ ಒಳ್ಳೆಯ ಉದಾಹರಣೆ. ಕೂರುವ ಮತ್ತು ಒರಗುವ ಹಲಗೆಗಳು ಮೈಗೆ ತಕ್ಕಂತೆ ಬಾಗಿದ ಪ್ಲೈವುಡ್. ಕೈಗಳು ತೀರ ಮೊಟಕು, ಮೊಣಕೈಗೆ ಆಸರೆ ಕೊಡುವಷ್ಟು ಮಾತ್ರ. ಇದು ಮರ ಉಳಿಸುವ ಜುಗ್ಗತನವಷ್ಟೇ ಅಲ್ಲ. ಗಂಟೆಗಟ್ಟಲೆ ಓದುವ ವಿದ್ಯಾರ್ಥಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುವಾಗ ಉದ್ದ ಕೈಗಳು ಅಡ್ಡ ಬರುತ್ತವೆ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಲೂಬಹುದು. ಮುಂದೆ ಅಮೆರಿಕದಲ್ಲಿ ನೋಲ್ ಕಂಪನಿ ಇದನ್ನು ಮಾರಿತು.

1952ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಆ ಹೊತ್ತಿಗೆ ಕಟ್ಟಿದ ಪ್ಯಾಲೇಸ್ ಹೋಟೆಲಿನ ಸೌನಾಗಾಗಿ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಗಾಗಿ, ಆಂಟ್ಟಿ ನುರ್ಮೆಸ್ನಿಯೆಮಿ ಒಂದು ಪುಟ್ಟ ಸ್ಟೂಲ್ ಮಾಡಿದರು. ಕೂರುವ ಹಲಗೆ ಕುದುರೆಲಾಳದ ಆಕಾರದಲ್ಲಿ ತೆರೆದುಕೊಂಡಿದೆ, ನಡುವೆ ತಗ್ಗಾಗಿದೆ. ಒದ್ದೆ ಮೈಯಲ್ಲಿ ಕೂತರೂ ನೀರು ನಿಲ್ಲದೆ ಇಳಿದುಹೋಗುತ್ತದೆ. ಇಲ್ಲೂ ಅದೇ ಪ್ರಶ್ನೆ: ಕೂರುವವರು ಯಾರು, ಎಂಥ ಸ್ಥಿತಿಯಲ್ಲಿ?

‘ಫಿನ್‌ಲೆಂಡ್‌ನ ಕುರ್ಚಿ ಎಂದರೆ ಬರೀ ಮರದ್ದು’ ನಿಜವೇ?

ಇಲ್ಲ. 1960ರ ದಶಕದಲ್ಲಿ ಪ್ಲಾಸ್ಟಿಕ್ ಬಂತು. ಏರೊ ಆರ್ನಿಯೊ 1963ರಲ್ಲಿ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್‌ನ ಗೋಳವೊಂದನ್ನು ಕತ್ತರಿಸಿ ಒಳಗೆ ಕೂರುವಂಥ ‘ಬಾಲ್’ ಕುರ್ಚಿ ರೂಪಿಸಿದರು. 1966ರಲ್ಲಿ ಕಲೋನ್ ನಗರದ ಪೀಠೋಪಕರಣ ಮೇಳದಲ್ಲಿ ಅದು ಕಣ್ಸೆಳೆಯಿತು. 1968ರಲ್ಲಿ ಚಾವಣಿಯಿಂದ ತೂಗುಬಿಡುವ ಪಾರದರ್ಶಕ ‘ಬಬಲ್’ ಕುರ್ಚಿ ಬಂತು.

ಯೂರ್ಯೊ ಕುಕ್ಕಾಪುರೊ ಅವರ 1964ರ ‘ಕರುಸೆಲ್ಲಿ’ ಕುರ್ಚಿಯ ಬಗ್ಗೆ ಒಂದು ರಂಜನೀಯ ಕಥೆಯಿದೆ: ಅವರು ಹಿಮದಲ್ಲಿ ಕೂತರಂತೆ, ಎದ್ದಾಗ ಉಳಿದ ಅಚ್ಚು ನೋಡಿ ಕುರ್ಚಿ ಹೊಳೆಯಿತಂತೆ. ಈ ಕಥೆ ಹೇಳುವವರ ಬಾಯಿಗೆ ತಕ್ಕಂತೆ ಬದಲಾಗುತ್ತದೆ. ಒಂದರಲ್ಲಿ ಮಗಳ ಜೊತೆ ಆಟ, ಇನ್ನೊಂದರಲ್ಲಿ ಕುಡಿದು ಬಿದ್ದದ್ದು. ಒಂದು ಗಳಿಗೆಯಲ್ಲಿ ಹೊಳೆದ ಕುರ್ಚಿ ಎಂಬುದು ಕೇಳಲು ಚೆಂದ. ಆದರೆ ಅದರ ಹಿಂದೆ ದೀರ್ಘ ದುಡಿಮೆಯಿದೆ. ಅವರು ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ತಮ್ಮ ಮೈಸುತ್ತ ಬಾಗಿಸಿ ಆಕಾರ ಹಿಡಿದು, ಅದರ ಮೇಲೆ ಪ್ಲಾಸ್ಟರ್ ಹಚ್ಚಿ, ತಿದ್ದಿ ತೀಡಿ ಅಚ್ಚು ಮಾಡಿದರು. 1950ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಗುರು ಒಲ್ಲಿ ಬೊರ್ಗ್ ಅವರಿಂದ ಮನುಷ್ಯನ ಮೈಯಳತೆ ಮತ್ತು ಕೂರುವ ಭಂಗಿಯ ಪಾಠಗಳನ್ನು ಕೇಳಿದ್ದರು.

ಇನ್ನೊಂದು ಗೊಂದಲ: ಒಂದೇ ಕಾಂಡದ ಮೇಲೆ ಹೂವಿನಂತೆ ನಿಂತ ಬಿಳಿ ‘ಟ್ಯೂಲಿಪ್’ ಕುರ್ಚಿ. ಇದನ್ನು ಮಾಡಿದ ಏರೊ ಸಾರಿನೆನ್ ಹುಟ್ಟಿದ್ದು ಫಿನ್‌ಲೆಂಡ್‌ನಲ್ಲಿ, 1910ರಲ್ಲಿ. ಆದರೆ 13ನೇ ವಯಸ್ಸಿಗೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದರು. 1950ರ ದಶಕದ ಟ್ಯೂಲಿಪ್ ಅಮೆರಿಕದ ಕೂಸು. ಅದು ಒಂದೇ ವಸ್ತುವಿನಿಂದ ಆದದ್ದು ಎಂಬುದೂ ತಪ್ಪು. ಸಾರಿನೆನ್ ಹಾಗೆ ಮಾಡಬೇಕೆಂದಿದ್ದರು, ಆದರೆ ಆಗಿನ ಪ್ಲಾಸ್ಟಿಕ್ ಕಾಂಡಕ್ಕೆ ಅಷ್ಟು ಬಲವಿರಲಿಲ್ಲ. ಮೇಲಿನದು ಗಾಜಿನ ನಾರಿನ ಪ್ಲಾಸ್ಟಿಕ್, ಕೆಳಗಿನದು ಬಿಳಿ ಲೇಪನದ ಅಲ್ಯೂಮಿನಿಯಂ.

ಒಳ್ಳೆಯ ಕುರ್ಚಿ ಬೆನ್ನುನೋವು ಹೋಗಲಾಡಿಸುತ್ತದೆಯೇ?

‘ದೇಹಕ್ಕೆ ಹೊಂದುವ ವಿನ್ಯಾಸ’ ಎಂಬ ಹೆಸರಲ್ಲಿ ಇಂದು ಸಾವಿರಾರು ರೂಪಾಯಿಯ ಕುರ್ಚಿಗಳು ಮಾರಾಟಕ್ಕಿವೆ. ಮೈಗೆ ಹೊಂದುವ ಕುರ್ಚಿ ಆಯಾಸ ತಗ್ಗಿಸುತ್ತದೆ, ನಿಜ. ಒರಗಿ ಕೂತಾಗ ಮೇಲ್ಮೈಯ ಭಾರದ ಒಂದು ಪಾಲನ್ನು ಒರಗು ಹೊರುತ್ತದೆ. ಆದರೆ ಯಾವ ಕುರ್ಚಿಯಲ್ಲೇ ಆಗಲಿ ಅಲುಗದೆ ಗಂಟೆಗಟ್ಟಲೆ ಕೂತರೆ ಸ್ನಾಯು ಬಿಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂರುವ ಹೊತ್ತನ್ನು ಕಡಿಮೆ ಮಾಡಿ ಎನ್ನುತ್ತದೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಸಾಧಾರಣ ಶ್ರಮ ಮಾಡಬೇಕೆನ್ನುತ್ತದೆ.

ಒಂದೇ ಅಳತೆ ಎಲ್ಲರಿಗೂ ಹೊಂದುವುದೂ ಇಲ್ಲ. ಸ್ಟೂಲ್ 60ರ ಎತ್ತರ 44 ಸೆಂಟಿಮೀಟರ್. ಗಿಡ್ಡಗಿರುವವರಿಗೆ ಅದರಲ್ಲಿ ಪಾದ ಪೂರ್ತಿ ನೆಲಕ್ಕೆ ಊರದೆ ತೊಡೆಯಡಿ ಒತ್ತಬಹುದು. ಕುರ್ಚಿ ಕೊಳ್ಳುವಾಗ ದೇಶದ ಹೆಸರು ನೋಡುವ ಬದಲು ಹೀಗೆ ನೋಡಿ:

1. ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆಯೇ? ಇಲ್ಲವಾದರೆ ಕಾಲಡಿ ಮಣೆ ಇಟ್ಟುಕೊಳ್ಳಿ.
2. ಬೆನ್ನು ಒರಗಿಗೆ ತಾಗಿದಾಗ ಮಂಡಿಯ ಹಿಂಭಾಗಕ್ಕೂ ಕುರ್ಚಿಯ ಅಂಚಿಗೂ ನಡುವೆ ಎರಡು ಮೂರು ಬೆರಳಿನ ಜಾಗ ಉಳಿಯುತ್ತದೆಯೇ?
3. ಕುರ್ಚಿಯ ಕೈಗಳು ಮೇಜಿನ ಹತ್ತಿರ ಹೋಗಲು ಬಿಡುತ್ತವೆಯೇ?
4. ಭಂಗಿ ಬದಲಿಸಲು, ಸುಲಭವಾಗಿ ಎದ್ದೇಳಲು ಆಗುತ್ತದೆಯೇ? ಅರ್ಧ ಗಂಟೆಗೊಮ್ಮೆ ಏಳಲೇಬೇಕು.

ಇಲ್ಲೊಂದು ಎಚ್ಚರಿಕೆ. ವಾರಗಟ್ಟಲೆ ಬಿಡದ ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಹೆಚ್ಚುವ ನೋವು ಇದ್ದರೆ ಕುರ್ಚಿ ಬದಲಿಸಿ ಸುಮ್ಮನಾಗಬೇಡಿ. ಕ್ಷಯ ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನುಮೂಳೆಗೂ ತಗಲುತ್ತದೆ. ಬೇಗ ಗೊತ್ತಾದರೆ ಅದಕ್ಕೂ ಔಷಧಿಯಿದೆ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಹಂಚುವ ಮುನ್ನ

ಪೈಮಿಯೊ ಕುರ್ಚಿಯ ಚಿತ್ರ ಹಂಚಿಕೊಳ್ಳಿ, ತಪ್ಪೇನಿಲ್ಲ. ಅದು ಹಂಚಿಕೊಳ್ಳಬೇಕಾದ ವಸ್ತುವೇ. ಆದರೆ ಕೆಳಗಿನ ಸಾಲು ಸರಿಯಾಗಿರಲಿ. ‘ಕ್ಷಯ ವಾಸಿ ಮಾಡಿದ ಕುರ್ಚಿ’ ಎಂದು ಬರೆದರೆ, ಎಲ್ಲೋ ಒಬ್ಬರು ಕೆಮ್ಮುತ್ತ ಕೂತಿರುವವರು ಕಫ ಪರೀಕ್ಷೆಯನ್ನು ಇನ್ನೊಂದು ತಿಂಗಳು ಮುಂದೂಡಬಹುದು. ‘ಔಷಧಿ ಇಲ್ಲದ ಕಾಲದಲ್ಲಿ ರೋಗಿಗಳು ಕೊಂಚ ಹಾಯಾಗಿರಲಿ ಎಂದು ಮಾಡಿದ ಕುರ್ಚಿ’ ಎಂದು ಬರೆದರೆ ಅದು ಸತ್ಯ. ಮಾಡಿದವರಿಗೆ ಸಲ್ಲಬೇಕಾದ ಗೌರವವೂ ಅದರಲ್ಲೇ ಇದೆ.